ಮಂಡಕ್ಕಿ ನೊಣ

ನಾನು ಒದ್ದೆ ಬಟ್ಟೆ ಕೊಡವುವ ರೀತಿಯ ಬಗ್ಗೆ ನಮ್ಮ ಬೀದಿಯಲ್ಲಿ ಒಂದು ಅಭಿಪ್ರಾಯವಿದೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಮುಂಗೈ ಮಾತ್ರ ಎತ್ತಿ, ಸೀರೆಯನ್ನು ಬೆನ್ನ ಹಿಂದಕ್ಕೆ ಎಸೆದು, ಒಂದು ಕ್ಷಣ ಸುಮ್ಮನೆ ನಿಂತು, ಆಮೇಲೆ ಮುಂದಕ್ಕೆ ಬೀಸುತ್ತೇನೆ. ಶಿವಮೊಗ್ಗದ ವಿದ್ಯಾನಗರದಲ್ಲಿರುವ ನಮ್ಮ ತಾರಸಿ ಎದುರುಮನೆಯ ಸುಜಾತಕ್ಕನ ಅಡುಗೆಮನೆ ಕಿಟಕಿಗೆ ಸರಿಯಾಗಿ ಕಾಣುತ್ತದೆ. ನನಗೆ ಭುಜ ಹಿಡಿದುಕೊಂಡಿದೆ ಎಂದು ಅವರು ಬಹಳ ದಿನದಿಂದ ನಂಬಿದ್ದಾರೆ. ಒಮ್ಮೆ ಯಾವುದೋ ತೈಲದ ಸೀಸೆಯನ್ನೇ ತಂದುಕೊಟ್ಟರು. ಬೇಡ ಎನ್ನಲು ಸಂಕೋಚವಾಗಿ ಇಸಿದುಕೊಂಡೆ. ಈಗ ಪಾಪ, ವಾರಕ್ಕೊಂದು ಸಲ ಹೇಗಿದೆ ಎಂದು ವಿಚಾರಿಸುತ್ತಾರೆ. ನಾನೂ ಪರವಾಗಿಲ್ಲ ಅನ್ನುತ್ತೇನೆ.

ನನ್ನ ಭುಜಕ್ಕೆ ಏನೂ ಆಗಿಲ್ಲ. ಅದು ನಾನು ಆರನೇ ಕ್ಲಾಸಿನಲ್ಲಿ ಮೀನು ಹಿಡಿಯಲು ಕಲಿತದ್ದರ ಪರಿಣಾಮ. ಇದನ್ನು ಅವರಿಗೆ ಹೇಳುವುದು ಹೇಗೆ? ಹೇಳಿದರೆ ಅವರು ಮೊದಲು ಕೇಳುವುದೇ, ನೀವು ಲಿಂಗಾಯತರಲ್ಲವೇ ಎಂದು.

ಹೌದು. ನಮ್ಮಪ್ಪ ಲಿಂಗಪೂಜೆ ಮುಗಿಸದೆ ಒಂದು ಲೋಟ ನೀರು ಕುಡಿದವರಲ್ಲ. ಹಣೆಯ ವಿಭೂತಿ ಒಣಗುವ ಮೊದಲೇ ಭಾನುವಾರ ಬೆಳಗ್ಗೆ ಸೈಕಲ್ ಹತ್ತಿ ಭದ್ರಾ ಹೊಳೆಗೆ ಹೋಗಿ ಮೀನು ಹಿಡಿಯುತ್ತಿದ್ದರು. ಹಿಡಿದು, ಬಿಡುತ್ತಿದ್ದರು. ಈ ಎರಡನೆಯ ಮಾತನ್ನು ಇಡೀ ಭದ್ರಾವತಿಯಲ್ಲಿ ನಂಬುತ್ತಿದ್ದವರು ಮೂವರೇ: ಅಪ್ಪ, ಅಮ್ಮ, ನಾನು. ಅಮ್ಮ ನಂಬಿದ್ದರೂ ಒಪ್ಪಿರಲಿಲ್ಲ.

ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ನಾನು ಹುಟ್ಟುವ ಮೊದಲು ಯಾವುದೋ ಯಂತ್ರ ಜೋಡಿಸಲು ಹೊರದೇಶದ ಎಂಜಿನಿಯರ್ ಒಬ್ಬ ಬಂದಿದ್ದನಂತೆ. ಆರು ತಿಂಗಳು ಅಪ್ಪನೇ ಅವನ ಸ್ಪ್ಯಾನರ್ ಹಿಡಿದವರು. ಕೆಲಸ ಮುಗಿದ ಸಂಜೆ ಆತ ಹೊಳೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಗಾಳಿಯಲ್ಲಿ ದಾರ ಬೀಸುತ್ತಿದ್ದ. ಅಪ್ಪ ಮೊದಲು ಅದನ್ನು ಅವರ ಕಡೆಯ ಸಂಧ್ಯಾವಂದನೆ ಎಂದುಕೊಂಡರಂತೆ. ಊರಿಗೆ ಹೋಗುವಾಗ ಆ ದೊರೆ ತನ್ನ ಬಿದಿರಿನ ಕೋಲು, ರೀಲು, ಒಂದು ತಗಡಿನ ಬಿಸ್ಕತ್ ಡಬ್ಬಿ ಎಲ್ಲವನ್ನೂ ಅಪ್ಪನಿಗೆ ಕೊಟ್ಟು ಹೋದ. ಡಬ್ಬಿಯಲ್ಲಿದ್ದವು ನೊಣಗಳು.

ನೊಣ ಎಂದರೆ ನಿಜವಾದ ನೊಣವಲ್ಲ. ಗಾಳದ ಕೊಕ್ಕೆಗೆ ಪುಕ್ಕ, ರೇಷ್ಮೆ ನೂಲು ಸುತ್ತಿ ಮಾಡಿದ ಸುಳ್ಳು ಹುಳು. ಇಂಗ್ಲಿಷಿನಲ್ಲಿ ಫ್ಲೈ ಅನ್ನುತ್ತಾರೆ. ಅಪ್ಪ ಅದನ್ನು ನೇರವಾಗಿ ನೊಣ ಮಾಡಿಬಿಟ್ಟರು. ನೀರಿನ ಮೇಲೆ ತೇಲುವುದು ಒಣ ನೊಣ, ಒಳಗೆ ಮುಳುಗಿ ಹೋಗುವುದು ಹಸಿ ನೊಣ. ಊಟದ ಹೊತ್ತಿನಲ್ಲಿ ಅಪ್ಪ ಬಹಳ ಗಂಭೀರವಾಗಿ, ಈ ವಾರ ಒಣ ನೊಣ ಸಾಕು ಪುಟ್ಟಿ, ಹಸಿಯದು ಮಳೆಗಾಲಕ್ಕೆ ಇರಲಿ ಎನ್ನುವಾಗ ಅಮ್ಮ ತಟ್ಟೆ ಎತ್ತಿಕೊಂಡು ಎದ್ದು ಹೋಗುತ್ತಿದ್ದರು.

ಎರೆಹುಳು ಸಿಕ್ಕಿಸಿದ ಗಾಳವಾದರೆ ತುದಿಯಲ್ಲಿ ತೂಕವಿರುತ್ತದೆ. ಎಸೆದರೆ ಹಾರಿಹೋಗುತ್ತದೆ, ದಾರ ಅದರ ಹಿಂದೆ ಓಡುತ್ತದೆ. ಇದರಲ್ಲಿ ಎಲ್ಲ ತಿರುಗುಮುರುಗು. ನೊಣಕ್ಕೆ ತೂಕವೇ ಇಲ್ಲ, ತೂಕವೆಲ್ಲ ದಾರಕ್ಕೆ. ದಾರವನ್ನು ಬೀಸಬೇಕು, ನೊಣ ಅದರ ಬಾಲ ಹಿಡಿದುಕೊಂಡು ಹೋಗಿ ನೀರಿನ ಮೇಲೆ ಸದ್ದಿಲ್ಲದೆ ಕೂರಬೇಕು. ಅದಕ್ಕೆ ಕೈಯ ಬಲ ಬೇಡ, ಕಾಯುವ ಬುದ್ಧಿ ಬೇಕು. ಅಪ್ಪ ನನ್ನ ಕಂಕುಳಿಗೆ ಕಾನ್ವೆಂಟಿನ ಮಾರಲ್ ಸೈನ್ಸ್ ಪುಸ್ತಕ ಸಿಕ್ಕಿಸಿ, ಅದು ಬೀಳದ ಹಾಗೆ ಬೀಸು ಎನ್ನುತ್ತಿದ್ದರು. ಆ ಪುಸ್ತಕ ನನಗೆ ಉಪಯೋಗಕ್ಕೆ ಬಂದದ್ದು ಅದೊಂದು ಕಡೆ.

"ಪಕ್ಕದಲ್ಲಿ ದೊಡ್ಡ ಗಡಿಯಾರ ಇದೆ, ಕೋಲೇ ಅದರ ಮುಳ್ಳು ಅಂದ್ಕೋ. ಹಿಂದಕ್ಕೆ ಒಂದು ಗಂಟೆಗೆ ನಿಲ್ಸು. ಅವಸರ ಮಾಡ್ಬೇಡ. ಹಿಂದೆ ಹೋಗಿದ್ದು ಪೂರಾ ಹೋಗ್ಲಿ, ಆಮೇಲೆ ಮುಂದಕ್ಕೆ ತಾ."

ನಾನು ಅವಸರ ಮಾಡುತ್ತಿದ್ದೆ. ದಾರ ಚಟೀರ್ ಎಂದು ಚಾಟಿಯ ಹಾಗೆ ಸದ್ದು ಮಾಡಿ, ನೊಣ ಕಿತ್ತುಹೋಗಿ, ಹಿಂದಿನ ಲಂಟಾನ ಪೊದೆಯಲ್ಲಿ ಬೀಳುತ್ತಿತ್ತು. ಹೊಳೆಯಲ್ಲಿ ನಾನು ಹಿಡಿದ ಮೀನಿಗಿಂತ ಪೊದೆಯಲ್ಲಿ ಹುಡುಕಿದ ನೊಣವೇ ಹೆಚ್ಚು.

ದೊರೆಯ ನೊಣಗಳು ತೀರಿದ ಮೇಲೆ ಅಪ್ಪನೇ ಕಟ್ಟಲು ಶುರುಮಾಡಿದರು. ಕಾಯಿ ತುರಿಯುವ ಮಣೆಯ ಅಂಚಿಗೆ ಒಂದು ಪುಟ್ಟ ವೈಸ್ ಬಿಗಿದು, ಅದರ ಬಾಯಿಗೆ ಕೊಕ್ಕೆ ಕಚ್ಚಿಸಿ, ಹಿತ್ತಿಲಲ್ಲಿ ಕೂರುತ್ತಿದ್ದರು. ಅಮ್ಮನ ಸೀರೆ ಅಂಚಿನ ಜರಿ ಎಳೆ ಒಂದೊಂದಾಗಿ ಮಾಯವಾಗುತ್ತಿತ್ತು. ಪುಕ್ಕ ಮಾತ್ರ ನಮ್ಮ ಮನೆಯಲ್ಲಿ ಹುಟ್ಟುವ ವಸ್ತುವಲ್ಲವಲ್ಲ. ಕ್ವಾರ್ಟರ್ಸಿನ ಗೋಡೆಯಾಚೆ ತಮಿಳಿನ ಸೆಲ್ವಿಯಕ್ಕ ಇದ್ದರು. ಅವರ ಮನೆಯಲ್ಲಿ ಹುಂಜ ಕೊಯ್ದ ದಿನ ಕತ್ತಿನ ಪುಕ್ಕವನ್ನು ಪೇಪರಿನಲ್ಲಿ ಕಟ್ಟಿ, ಗೋಡೆಯ ಮೇಲಿಂದ ನನಗೆ ಕೊಡುತ್ತಿದ್ದರು. ಅದೂ ಅಮ್ಮ ಕಾಣದ ಹೊತ್ತು ನೋಡಿ.

"ಅಪ್ಪಾಗೆ ಕೊಡು ಕಣ್ಣು. ಕೆಂಪು ಪುಕ್ಕ, ಫಸ್ಟ್ ಕ್ಲಾಸ್. ಅಮ್ಮಾಗೆ ಹೇಳ್ಬೇಡ."

ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಪುಕ್ಕ ಒಳಗೆ ಬಂದ ದಿನ ಹಿತ್ತಿಲ ಕಲ್ಲಿಗೆ ಎರಡು ಕೊಡ ಹೆಚ್ಚು ನೀರು ಬೀಳುತ್ತಿತ್ತು.

ಅಪ್ಪನ ದೊಡ್ಡ ಸಾಧನೆ ಮಂಡಕ್ಕಿ ನೊಣ. ಹೊಳೆಯ ಆ ತಿರುವಿಗಿಂತ ಮೇಲೆ ಒಂದು ಸ್ನಾನಘಟ್ಟವಿತ್ತು. ಬಂದ ಭಕ್ತರೆಲ್ಲ ಮೀನಿಗೆ ಮಂಡಕ್ಕಿ ಎರಚುವವರು. ಘಟ್ಟದ ಹತ್ತಿರ ಅಪ್ಪ ಎಂದೂ ದಾರ ಬೀಸಿದವರಲ್ಲ, ಅದು ದೇವರ ಮೀನು. ಆದರೆ ತಿಂದುಳಿದ ಮಂಡಕ್ಕಿ ತೇಲಿಕೊಂಡು ಕೆಳಗೆ ಬರುತ್ತಿತ್ತು. ನಮ್ಮ ತಿರುವಿನ ಮೀನುಗಳಿಗೂ ಅದರ ರುಚಿ ಹತ್ತಿತ್ತು. ದೊರೆಯ ಊರಿನ ಹುಳುಗಳನ್ನು ನಮ್ಮ ಮೀನು ಮೂಸಿಯೂ ನೋಡುತ್ತಿರಲಿಲ್ಲ. ಮಂಡಕ್ಕಿಯ ಹಾಗೇ ಒಂದು ನೊಣ ಕಟ್ಟಬೇಕೆಂದು ಅಪ್ಪ ಒಂದು ತಿಂಗಳು ಒದ್ದಾಡಿದರು. ದೀಪದ ಬತ್ತಿಯ ಅರಳೆ ಸುತ್ತಿದರು, ನೀರು ಕುಡಿದು ಮುಳುಗಿತು. ಮೇಣ ಹಚ್ಚಿದರು, ಹಳದಿಯಾಯಿತು. ಆ ಹೊತ್ತಿಗೆ ಅಮ್ಮನ ಹವಾಯಿ ಚಪ್ಪಲಿಯ ಹಿಮ್ಮಡಿಯಲ್ಲಿ ಒಂದು ಚೌಕ ತೂತು ಕಾಣಿಸಿತು. ಬಿಳಿ ರಬ್ಬರು, ಹಗುರ, ತೇಲುತ್ತದೆ. ಬ್ಲೇಡಿನಿಂದ ಕೆತ್ತಿ, ನಡುವೆ ನೂಲು ಬಿಗಿದರೆ ಸಾಕ್ಷಾತ್ ಮಂಡಕ್ಕಿ. ಅಮ್ಮ ಆ ಚಪ್ಪಲಿಯನ್ನು ಹಾಕಿಕೊಂಡೇ ಮದುವೆಮನೆಯೊಂದಕ್ಕೆ ಹೋಗಿ ಬಂದರು. ಗಂಡನ ಘನಕಾರ್ಯ ನಾಲ್ಕು ಜನರಿಗೆ ಕಾಣಲಿ ಎಂದು.

ಈ ಕಾರುಬಾರಿನಲ್ಲಿ ನನ್ನದೊಂದು ಕೆಲಸವಿತ್ತು. ಅಂಗಡಿಯಿಂದ ಬರುವ ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಒಂದು ಚಿಕ್ಕ ಮುಳ್ಳು ಇರುತ್ತದೆ. ಒಳಗೆ ಹೋದ ಕೊಕ್ಕೆ ಹೊರಗೆ ಬಾರದ ಹಾಗೆ ಹಿಡಿಯುವುದೇ ಅದು. ಮೀನನ್ನು ಬಿಡುವವರಿಗೆ ಆ ಮುಳ್ಳು ಇರಬಾರದು. ಸಣ್ಣ ಇಕ್ಕಳದಿಂದ ಅದನ್ನು ಒತ್ತಿ ಮಲಗಿಸಬೇಕು. ಒತ್ತಿದ ಮೇಲೆ ಕೊಕ್ಕೆಯನ್ನು ಅಮ್ಮನ ಬತ್ತಿಯ ಅರಳೆಯಲ್ಲಿ ಎಳೆದು ನೋಡಬೇಕು. ಅರಳೆಯ ಎಳೆ ಸಿಕ್ಕಿಕೊಂಡರೆ ಮುಳ್ಳು ಇನ್ನೂ ಇದೆ ಎಂದರ್ಥ. ನುಣ್ಣಗೆ ಜಾರಿ ಬಂದರೆ ಆಯಿತು. ಅಪ್ಪನಿಗೆ ಚಾಳೀಸು ಬಂದಿತ್ತು, ಅಷ್ಟು ಸಣ್ಣದು ಕಾಣುತ್ತಿರಲಿಲ್ಲ. ಹಾಗಾಗಿ ಮುಳ್ಳು ಒತ್ತುವುದು ಪೂರ್ತಿ ನನ್ನ ಜವಾಬ್ದಾರಿ. ನಾನು ಒತ್ತಿದ್ದನ್ನು ಅಪ್ಪ ಮತ್ತೆ ಪರೀಕ್ಷೆ ಮಾಡಿದ್ದೇ ಇಲ್ಲ. ನನಗೆ ಅದು ಎಷ್ಟು ದೊಡ್ಡ ಹೆಮ್ಮೆಯಾಗಿತ್ತು ಎಂದರೆ, ಕಾನ್ವೆಂಟಿನಲ್ಲಿ ಇಂಗ್ಲಿಷ್ ಸಿಸ್ಟರ್ ನನ್ನ ತಂದೆ ಎಂಬ ವಿಷಯದ ಮೇಲೆ ಹತ್ತು ಸಾಲು ಬರೆಯಲು ಹೇಳಿದಾಗ ಮೊದಲ ಸಾಲನ್ನೇ ಹೀಗೆ ಬರೆದೆ: ಮೈ ಫಾದರ್ ಟೈಸ್ ಫ್ಲೈಸ್ ಆನ್ ಸಂಡೇಸ್.

ಸಿಸ್ಟರ್ ಪಾಪ ಒಳ್ಳೆಯವರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ಮೂಕಪ್ರಾಣಿಗಳನ್ನು ಹಿಂಸಿಸಬಾರದೆಂದು ಡ್ಯಾಡಿಗೆ ಹೇಳು ಎಂದು ಬರೆದರು. ಅವರ ಕಣ್ಣಿಗೆ ನಮ್ಮಪ್ಪ ಭಾನುವಾರವಿಡೀ ಕೂತು ನೊಣಗಳ ಕಾಲಿಗೆ ದಾರ ಕಟ್ಟುವ ಮನುಷ್ಯ. ನಾನು ಎದ್ದು ನಿಂತು, ಹಾಗಲ್ಲ ಸಿಸ್ಟರ್, ಮೀನು ಹಿಡಿಯುವ ನೊಣ, ಹಿಡಿದು ಬಿಡುತ್ತಾರೆ ಎಂದು ವಿವರಿಸಿದೆ. ಅಷ್ಟು ಸಾಕಾಯಿತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಫಿಲೋಮಿನಾಳ ಅಪ್ಪ ವಾರವಾರವೂ ಹೊಳೆಯಿಂದ ಬುಟ್ಟಿ ತುಂಬ ಮೀನು ತರುವವರು. ಊಟದ ಬಿಡುವಿನಲ್ಲಿ ಅವಳು ನಾಲ್ಕು ಹುಡುಗಿಯರ ಮುಂದೆ ತೀರ್ಪು ಕೊಟ್ಟಳು.

"ಹಿಡಿಯೋದಂತೆ, ಬಿಡೋದಂತೆ. ನಿಮ್ಮಪ್ಪಂಗೆ ಒಂದೂ ಸಿಗಲ್ಲ, ಅದಕ್ಕೇ ಹಂಗೆ ಹೇಳ್ತಾರೆ. ಇಲ್ಲಾಂದ್ರೆ ಬಾಗಿಲು ಹಾಕ್ಕೊಂಡು ತಿಂತೀರಾ."

ಎರಡರಲ್ಲಿ ಯಾವುದು ಹೆಚ್ಚು ಅವಮಾನ ಎಂದು ನಾನು ಮನೆಗೆ ಬರುವವರೆಗೂ ಯೋಚಿಸಿದೆ. ಕೊನೆಗೆ ಒಂದು ಉಪಾಯ ಹೊಳೆಯಿತು. ಒಂದೇ ಒಂದು ಮೀನು ಅಪ್ಪನ ಕೈಯಿಂದ ಬಿಡಿಸಲಾಗದ ಹಾಗೆ ಸಿಕ್ಕಬೇಕು. ಅದನ್ನು ಬಕೆಟಿನಲ್ಲಿ ಫಿಲೋಮಿನಾಳ ಮನೆ ಮುಂದಿನಿಂದ ಹಾಯಿಸಿ ತಂದು, ತೋರಿಸಿ, ಮತ್ತೆ ಹೊಳೆಗೆ ಬಿಟ್ಟರಾಯಿತು. ಆ ಶನಿವಾರ ಅಪ್ಪ ಹೊಸ ಮಂಡಕ್ಕಿ ನೊಣ ಕಟ್ಟುವಾಗ ಬಿಳಿ ನೂಲು ತೀರಿಹೋಗಿತ್ತು. ನನ್ನ ಕೆಂಪು ಹೌಸಿನ ರಿಬ್ಬನ್ನಿನಿಂದ ಒಂದು ಎಳೆ ಕಿತ್ತುಕೊಟ್ಟೆ. ಬಿಳಿ ಮಂಡಕ್ಕಿಯ ಸೊಂಟಕ್ಕೆ ಕೆಂಪು ಪಟ್ಟಿ ಬಂತು. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟರು. ಇಕ್ಕಳ ತೆಗೆದುಕೊಂಡೆ, ಒತ್ತಿದ ಹಾಗೆ ಮಾಡಿದೆ, ಅರಳೆಯನ್ನು ಮುಟ್ಟಲೇ ಇಲ್ಲ. "ಆಯ್ತು ಅಪ್ಪ" ಅಂದೆ.

ಮಾರನೆಯ ದಿನ ಹೊಳೆ ಕನ್ನಡಿಯ ಹಾಗಿತ್ತು. ನಾನು ಬಂಡೆಯ ಮೇಲೆ ಕೂತಿದ್ದೆ. ಅಪ್ಪ ಬೀಸಿದ ಮೂರನೆಯ ಬೀಸಿಗೆ ಮಂಡಕ್ಕಿ ತೇಲುತ್ತ ಬಂದು, ನೀರಿನಲ್ಲಿ ಒಂದು ಉಂಗುರ ಎದ್ದು, ಮಾಯವಾಯಿತು. ಕೋಲು ಬಿಲ್ಲಿನ ಹಾಗೆ ಬಾಗಿತು. ಅಷ್ಟು ದೊಡ್ಡ ಮೀನನ್ನು ಅಪ್ಪ ಅದಕ್ಕೆ ಮೊದಲು ಹಿಡಿದಿರಲಿಲ್ಲ. ಹೊನ್ನಿನ ಬಣ್ಣದ ಬೆನ್ನು, ಎಂಟಾಣೆಯಷ್ಟು ಅಗಲದ ಹುರುಪೆ. ದಡದ ಹತ್ತಿರ ತಂದು, ಎಂದಿನಂತೆ ಕೈ ಒದ್ದೆ ಮಾಡಿಕೊಂಡು (ಒಣ ಕೈಯಲ್ಲಿ ಮುಟ್ಟಿದರೆ ಮೀನಿಗೆ ಸುಟ್ಟ ಹಾಗಾಗುತ್ತದಂತೆ) ಕೊಕ್ಕೆಗೆ ಬೆರಳಿಟ್ಟು ಮೆಲ್ಲಗೆ ತಿರುಗಿಸಿದರು. ಬರಲಿಲ್ಲ. ಮತ್ತೆ ತಿರುಗಿಸಿದರು. ಕೊಕ್ಕೆ ಕಿವಿರಿನ ಬುಡಕ್ಕೆ ಹೋಗಿ ಕಚ್ಚಿತ್ತು. ನೀರು ಕೆಂಪಾಯಿತು. ಕೊನೆಗೆ ಕೊಕ್ಕೆ ಬಂತು, ಬರಬಾರದ ರೀತಿಯಲ್ಲಿ ಬಂತು.

ಅಪ್ಪ ಮೀನನ್ನು ಎರಡು ಅಂಗೈಯಲ್ಲಿ ಹಿಡಿದು, ಮೂತಿಯನ್ನು ಹರಿವಿಗೆ ಎದುರಾಗಿ ತಿರುಗಿಸಿ, ಹಿಂದೆ ಮುಂದೆ ಆಡಿಸುತ್ತ ನಿಂತರು. ಹಾಗೆ ಮಾಡಿದರೆ ಕಿವಿರಿನೊಳಗೆ ನೀರು ಹೋಗಿ ಮೀನು ಚೇತರಿಸಿಕೊಳ್ಳುತ್ತದೆ. ಪ್ಯಾಂಟು ತೊಡೆಯವರೆಗೆ ನೆನೆಯಿತು. ಎಷ್ಟು ಹೊತ್ತು ನಿಂತರೋ ನನಗೆ ಗೊತ್ತಿಲ್ಲ. ಬಿಸಿಲು ಬಂಡೆಯ ಈ ಕಡೆಗೆ ಬಂದಿತ್ತು. ಆಮೇಲೆ ಕೈ ಬಿಟ್ಟರು. ಮೀನು ಮಗುಚಿಕೊಂಡು, ಬಿಳಿ ಹೊಟ್ಟೆ ಮೇಲಾಗಿ, ಮಂಡಕ್ಕಿಯ ಹಾಗೇ ತೇಲಿಕೊಂಡು ಹೋಯಿತು.

ಅಪ್ಪ ದಡ ಹತ್ತಿದರು. ನೊಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡರು, ದಾರ ಸುತ್ತಿದರು. ದಾರಿಯಲ್ಲಿ ಎಂದಿನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ ಎಂದಿನಂತೆ ಖಾರ ಮಂಡಕ್ಕಿ ಕೊಡಿಸಿದರು. ನಾನು ಪೊಟ್ಟಣ ಬಿಚ್ಚದೆ ಮನೆಯವರೆಗೂ ಹಿಡಿದುಕೊಂಡೇ ಬಂದೆ. ಮನೆಗೆ ಬಂದವರೇ ಅಮ್ಮನಿಗೆ ಹೇಳಿದರು:

"ನಿನ್ನ ಹರಕೆ ಫಲಿಸ್ತು ಕಣೆ ಮಾರಾಯ್ತಿ. ಇನ್ನು ಹೊಳೆಗೆ ಹೋಗಲ್ಲ."

ಅಮ್ಮ ಮನೆದೇವರಾದ ವೀರಭದ್ರನಿಗೆ ಆ ಹಿಂದಿನ ವರ್ಷವೇ ಹೇಳಿಕೊಂಡಿದ್ದರು, ಇವರು ಈ ಮೀನಿನ ಹುಚ್ಚು ಬಿಟ್ಟರೆ ಹನ್ನೊಂದು ಕಾಯಿ ಒಡೆಸುತ್ತೇನೆ ಎಂದು. ಒಡೆಸಿದರು. ಪ್ರಸಾದದ ಕಾಯಿಚೂರನ್ನು ಸೆಲ್ವಿಯಕ್ಕನಿಗೂ ಗೋಡೆಯ ಮೇಲಿಂದ ಕೊಟ್ಟರು. ಎರಡು ತಿಂಗಳು ಬಹಳ ಸಂತೋಷವಾಗಿದ್ದರು. ಮೂರನೇ ತಿಂಗಳಿಂದ, ಭಾನುವಾರ ಪೂರ್ತಿ ಮನೆಯಲ್ಲಿ ಕೂತು ಸಾರಿಗೆ ಉಪ್ಪು ಎಷ್ಟೆಂದು ಕೇಳುತ್ತಾರೆ, ದೇವರು ವರ ಕೊಡುವಾಗ ಇದನ್ನು ಹೇಳಲಿಲ್ಲ ಎಂದು ಗೊಣಗತೊಡಗಿದರು. ಬಿದಿರಿನ ಕೋಲಿನ ತುದಿಗೆ ಅಪ್ಪನೇ ಒಂದು ಪೊರಕೆ ಕಟ್ಟಿ ಜೇಡರ ಬಲೆ ಹೊಡೆಯಲು ಕೊಟ್ಟುಬಿಟ್ಟರು. ನೊಣದ ಡಬ್ಬಿ ಅಟ್ಟ ಸೇರಿತು.

ನನ್ನದು ಒಂದೇ ಪ್ರಶ್ನೆ. ಅಪ್ಪನಿಗೆ ಗೊತ್ತಿತ್ತೇ? ನಾನು ಬೇಕೆಂದೇ ಮುಳ್ಳು ಬಿಟ್ಟೆ ಎಂದು ಗೊತ್ತಾಗಿ ಸುಮ್ಮನಿದ್ದರೋ, ತಾನೇ ಆ ಮೀನನ್ನು ಕೊಂದೆ ಎಂದುಕೊಂಡು ಬದುಕಿದರೋ? ಎರಡನೆಯದಾದರೆ ಅದು ಬಹಳ ದೊಡ್ಡ ತಪ್ಪು, ನಾನು ಸರಿಮಾಡಬಹುದಾಗಿದ್ದ ತಪ್ಪು. ಅವರು ರಿಟೈರಾಗಿ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಮನೆ ಮಾಡಿದ ಮೇಲೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ಎಷ್ಟೋ ಸಲ ಬಾಯಿಯವರೆಗೆ ಬಂದಿತ್ತು. ಒಮ್ಮೆ ಅವರ ಕಾಲಿನ ಉಗುರು ತೆಗೆಯುತ್ತ, ಅಪ್ಪ ಆ ದಿನ ಹೊಳೆಯಲ್ಲಿ, ಎಂದು ಶುರುಮಾಡಿದೆ. ಅಪ್ಪ ಅರ್ಧಕ್ಕೇ, "ಹೆಬ್ಬೆರಳು ಜೋಪಾನ ಪುಟ್ಟಿ" ಅಂದರು. ಅಲ್ಲಿಗೆ ನಿಂತಿತು. ಅಪ್ಪ ಹೋಗಿ ಆರು ವರ್ಷವಾಯಿತು. ಈಗಲೂ ಸಕ್ರೆಬೈಲಿಗೆ ನೆಂಟರನ್ನು ಕರೆದುಕೊಂಡು ಹೋದರೆ ಎಲ್ಲರೂ ಆನೆ ನೋಡುತ್ತಾರೆ, ನಾನು ತುಂಗೆಯಲ್ಲಿ ಏಳುವ ಉಂಗುರ ನೋಡುತ್ತ ನಿಲ್ಲುತ್ತೇನೆ.

ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಾರೆ. ಅವರೊಡನೆ ಹೊಸಮನೆಯ ಅಟ್ಟದ ಸಾಮಾನೂ ಬಂತು, ಆ ಜೇಡರ ಬಲೆಯ ಕೋಲೂ ಬಂತು. ಈ ದೀಪಾವಳಿಗೆ ಮನೆ ಧೂಳು ಹೊಡೆಯುವಾಗ ಅಟ್ಟದಿಂದ ಆ ತಗಡಿನ ಡಬ್ಬಿ ಇಳಿಸಿ, ಜಗಲಿಯ ಮೇಲಿಟ್ಟು, ಒರೆಸಲು ಬಟ್ಟೆ ತರಲು ಒಳಗೆ ಹೋದೆ. ಅಷ್ಟರಲ್ಲಿ ಅಮ್ಮ, ನಮ್ಮವರ ಅಂಗಿಗೆ ಹಾಕಲು ಗುಂಡಿ ಬೇಕೆಂದು ಅದನ್ನು ಹೊಲಿಗೆ ಡಬ್ಬಿ ಎಂದುಕೊಂಡು ತೆಗೆದಿದ್ದಾರೆ.

"ಅಯ್ಯೋ ಶಿವನೇ, ಯಾವ ಕಾಲದ ಮಂಡಕ್ಕಿನೇ ಇದು? ಡಬ್ಬಿ ತೊಳೀದೆ ಇಟ್ಟಿದೀಯಲ್ಲ."

ನಾನು ಹೊರಗೆ ಬರುವ ಹೊತ್ತಿಗೆ ಆ ಮಂಡಕ್ಕಿ ಅವರ ತೋರುಬೆರಳಿಗೆ ಸರಿಯಾಗಿ ನಾಟಿತ್ತು. ಬಿಳಿ ರಬ್ಬರು, ಸೊಂಟಕ್ಕೆ ಕೆಂಪು ಪಟ್ಟಿ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಒಂದು ಗೀರು ಬಿದ್ದರೂ ತಿಂಗಳು ಬೇಕು. ಮುಳ್ಳಿರುವ ಕೊಕ್ಕೆ ಎಳೆದರೆ ಮಾಂಸ ಹರಿದೇ ಬರುವುದು. ಆಸ್ಪತ್ರೆಗೆ ಹೋಗಿ ಕೊಯ್ಯಿಸಬೇಕು.

"ಅಮ್ಮ, ಎಳೀಬೇಡ. ಅದಕ್ಕೆ ಮುಳ್ಳಿದೆ."

"ನಿಂಗೆ ಹೆಂಗೆ ಗೊತ್ತು?"

"ನಾನೇ ಒತ್ತದೆ ಬಿಟ್ಟಿದ್ದು. ಬೇಕಂತಲೇ. ಅದರಿಂದಾನೇ ಆ ಮೀನು ಸತ್ತಿದ್ದು, ಅಪ್ಪ ಹೊಳೆಗೆ ಹೋಗೋದು ಬಿಟ್ಟಿದ್ದು."

ನಲವತ್ತು ವರ್ಷ ಅಪ್ಪನಿಗೂ ಯಾರಿಗೂ ಹೇಳಲಾಗದೆ ಇಟ್ಟುಕೊಂಡದ್ದು ಒಂದೇ ಉಸಿರಿಗೆ, ಕೈಯಲ್ಲಿ ಧೂಳಿನ ಬಟ್ಟೆ ಹಿಡಿದುಕೊಂಡು, ಹೊರಗೆ ಬಿತ್ತು. ಅಮ್ಮ ನನ್ನ ಮುಖವನ್ನೇ ನೋಡುತ್ತ, ಯೋಚನೆಯಲ್ಲಿ ಉಂಗುರ ತೆಗೆಯುವವರ ಹಾಗೆ ಬೆರಳನ್ನು ಸ್ವಲ್ಪ ತಿರುಗಿಸಿದರು. ಕೊಕ್ಕೆ ಕಳಚಿ ಅಂಗೈಯಲ್ಲಿ ಕೂತಿತು. ಒಂದು ಹನಿ ರಕ್ತ, ಅಷ್ಟೆ.

ಬೆರಳು ತೊಳೆದು, ಔಷಧ ಹಚ್ಚಿ, ದೇವರಮನೆಯಿಂದ ಬತ್ತಿಯ ಅರಳೆ ತಂದೆ. ಕೊಕ್ಕೆಯನ್ನು ಅದರಲ್ಲಿ ಎಳೆದೆ. ನುಣ್ಣಗೆ ಜಾರಿತು. ಇನ್ನೊಮ್ಮೆ ಎಳೆದೆ. ಒಂದು ಎಳೆಯೂ ಸಿಕ್ಕಲಿಲ್ಲ. ಕನ್ನಡಕ ಹಾಕಿಕೊಂಡು ಬಿಸಿಲಿಗೆ ಹಿಡಿದರೆ, ಮುಳ್ಳಿದ್ದ ಜಾಗದಲ್ಲಿ ಇಕ್ಕಳದ ಹಲ್ಲಿನ ಗುರುತು. ಒಂದಲ್ಲ, ಮೂರು ನಾಲ್ಕು. ಸರಿಯಾಗಿ ಕಣ್ಣು ಕಾಣದವರು ಅಂದಾಜಿನ ಮೇಲೆ ಒತ್ತಿದ ಹಾಗೆ, ಅಕ್ಕಪಕ್ಕವೆಲ್ಲ.

ಅಮ್ಮ ಬಗ್ಗಿ ಆ ಕೊಕ್ಕೆಯನ್ನೇ ನೋಡಿದರು. ಆಮೇಲೆ ಹೇಳಿದರು:

"ಹೊಳೆಗೆ ಹೋಗಲ್ಲ ಅಂದ್ರಲ್ಲ, ಅವತ್ತು ಊಟ ಆದ್ಮೇಲೂ ಹಿತ್ಲಲ್ಲಿ ಇಕ್ಕಳ ಹಿಡ್ಕೊಂಡು ಕೂತಿದ್ರು. ಬಿಟ್ಟೆ ಅಂದ್ಮೇಲೆ ಮತ್ತೇನ್ರೀ ಅಂದೆ. 'ಪುಟ್ಟಿದು ಒಂದು ಕೆಲ್ಸ ಉಳ್ಕೊಂಡಿತ್ತು' ಅಂದ್ರು. ನಿನ್ನ ಸ್ಕೂಲಿನ ಕ್ರಾಫ್ಟ್ ಏನೋ ಅಂದ್ಕೊಂಡೆ."

ನಾನು ಆ ನೊಣವನ್ನು ನೊಣ ಚುಚ್ಚಿಡಲೆಂದು ಅಪ್ಪ ಡಬ್ಬಿಯೊಳಗೆ ಹಾಕಿದ್ದ ಚಪ್ಪಲಿಯ ತುಂಡಿಗೆ ಮತ್ತೆ ಸಿಕ್ಕಿಸಲು ಹೋದೆ. ಕಣ್ಣು ಮಂಜಾಗಿ ಎರಡು ಸಲ ತಪ್ಪಿತು. ಅಮ್ಮನಿಗೆ ಅಷ್ಟರಲ್ಲಿ ಬೇರೆಯೇ ಏನೋ ಹೊಳೆದಿತ್ತು.

"ಹಂಗಾದ್ರೆ ವೀರಭದ್ರ ಮಾಡಿದ್ದಲ್ಲ ಅದು. ನಂಗೆ ಸುಳ್ಳೇ ಹೇಳಿ ಕಾಯಿ ಒಡೆಸಿದ್ರು, ನಿನ್ನ ಹೆಸರು ಬರಬಾರದು ಅಂತ." ಡಬ್ಬಿಯ ಕಡೆ ನೋಡಿ, "ಅದನ್ನ ಹೆಂಗೆ ಬೀಸ್ತಿದ್ರು? ನಾನು ಒಂದು ದಿನಾನೂ ಹೋಗಿ ನೋಡ್ಲಿಲ್ಲ" ಅಂದರು.

ಜೇಡರ ಬಲೆಯ ಕೋಲಿನಿಂದ ಪೊರಕೆ ಬಿಚ್ಚಿದೆ. ಬಿದಿರು ಇನ್ನೂ ಬಾಗುತ್ತಿತ್ತು. ಡಬ್ಬಿಯ ತಳದಲ್ಲಿ ಅಪ್ಪ ಸುತ್ತಿಟ್ಟಿದ್ದ ದಪ್ಪ ದಾರ ಅಲ್ಲಲ್ಲಿ ಒಡೆದಿತ್ತು, ಆದರೂ ಹತ್ತು ಮೊಳ ಒಪ್ಪವಾಗಿ ಸಿಕ್ಕಿತು. ಅಮ್ಮನನ್ನು ತಾರಸಿಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸಿದೆ. ದಾರದ ತುದಿಗೆ ನೊಣ ಕಟ್ಟಲಿಲ್ಲ, ಒಂದು ಚೂರು ಅರಳೆ ಕಟ್ಟಿದೆ. ಮೊಣಕೈ ಪಕ್ಕೆಗೆ ಅಂಟಿಸಿದೆ. ಎದುರುಮನೆಯ ಕಿಟಕಿಯಲ್ಲಿ ಸುಜಾತಕ್ಕ ಒಗ್ಗರಣೆ ಸೌಟು ಹಿಡಿದು ನಿಂತಿದ್ದರು.

ಒಂದು ಗಂಟೆಗೆ ನಿಲ್ಲಿಸಿದೆ. ದಾರ ಹಿಂದೆ, ನೀರಿನ ಟ್ಯಾಂಕಿನ ಮೇಲೆ, ಪೂರಾ ಬಿಚ್ಚಿಕೊಳ್ಳುವವರೆಗೆ ಕಾದೆ. ಆಮೇಲೆ ಮುಂದಕ್ಕೆ ತಂದೆ. ಅದು ಗಾಳಿಯಲ್ಲಿ ಒಂದು ಸುರುಳಿಯಾಗಿ ಉರುಳಿ, ನೇರವಾಗಿ, ಅರಳೆ ಸದ್ದಿಲ್ಲದೆ ಅಮ್ಮನ ಕಾಲ ಬಳಿ ಬಂದು ಕೂತಿತು.

"ಇಷ್ಟೇನಾ?" ಎಂದರು ಅಮ್ಮ. "ಇದಕ್ಕಾ ನಾನು ಹನ್ನೊಂದು ಕಾಯಿ ಒಡೆಸಿದ್ದು?"

ನಾನು ದಾರ ಸುತ್ತಿಕೊಳ್ಳತೊಡಗಿದೆ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಕಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಂಡು ಸರಿಯಾಗಿ ಕೂತರು.

"ಇನ್ನೊಂದು ಸಲ ಬೀಸು."